ಹಸಿ ಬಣ್ಣ ನಂಬಬ್ಯಾಡ್ರಿ

ಶಾಲೆಯ ವಸ್ತುಪ್ರದರ್ಶನಕ್ಕೆ ನಾನು ಮತ್ತು ನನ್ನ ಗೆಳೆಯ ವಿಜಯಪುರದ ಗೋಳಗುಮ್ಮಟದ ಮಾದರಿಯನ್ನು ರಟ್ಟಿನಲ್ಲಿ ಮಾಡಿದೆವು. ಅಳತೆ 1:200. ನಿಜವಾದ ಗುಮ್ಮಟದ ಹೊರಗಿನ ವ್ಯಾಸ ಸುಮಾರು 44 ಮೀಟರ್, ನಮ್ಮದು 22 ಸೆಂಟಿಮೀಟರ್. ಕಟ್ಟುವುದು ಸುಲಭವಾಯಿತು, ಬಣ್ಣವೇ ಕಷ್ಟವಾಯಿತು.

ಅದರ ಗೋಡೆಯ ಕಲ್ಲು ಕಪ್ಪು ಮಿಶ್ರಿತ ಬೂದು. ಅಂಥ ಬಣ್ಣದ ಬಾಟ್ಲಿ ಅಂಗಡಿಯಲ್ಲಿ ಸಿಗಲಿಲ್ಲ. ಕರಿ ಮತ್ತು ಬಿಳಿ ಪೋಸ್ಟರ್ ಕಲರ್ ಕೂಡಿಸಿದರೆ ನೀಲಿ ಛಾಯೆ ಬಂತು. ಚೂರು ಹಳದಿ, ಚೂರು ಕೆಂಪು ಹಾಕಿದ ಮೇಲೆ ಥೇಟ್ ಕಲ್ಲಿನಂಗ ಕಂಡಿತು.

ಮೂರು ಗೋಡೆ ಮುಗಿಯುವಷ್ಟರಲ್ಲಿ ಬಣ್ಣ ತೀರಿತು. ಮರುದಿನ ಗೆಳೆಯ ಮತ್ತೆ ಕಲೆಸಿದ. ಒಣಗಿದ ಗೋಡೆಯ ಪಕ್ಕ ಹಸಿ ಬಣ್ಣ ಹಿಡಿದು ನೋಡಿ, "ಕಪ್ಪಾತು, ಇನ್ನಷ್ಟು ಬಿಳಿ ಹಾಕು" ಅಂದವನು ನಾನೇ. ನಾಲ್ಕನೇ ಗೋಡೆ ಒಣಗಿದಾಗ ಸುಣ್ಣ ಬಳಿದಂತೆ ಬೆಳ್ಳಗಾಯಿತು! "ಎಲ್ಲಾ ನೀನ ಕೆಡಿಸೀದಿ" ಎಂದು ಎಲ್ಲರೆದುರು ಬೈದೆ. ಅವನು ಒಂದು ಮಾತೂ ಆಡದೆ ಮನೆಗೆ ಹೋದ.

ಆಮೇಲೆ ಚಿತ್ರಕಲೆ ಸರ್ ಅದೇ ಬಣ್ಣವನ್ನು ರಟ್ಟಿನ ಚೂರಿಗೆ ಹಚ್ಚಿ, ಬಿಸಿಲಿಗಿಟ್ಟು ತೋರಿಸಿದರು. ಹಸಿ ಇದ್ದಾಗ ಗಾಢ, ನೀರು ಆರಿದ ಮೇಲೆ ತಿಳಿ. ತಪ್ಪು ನನ್ನದೇ!

ಸಂಜೆ ಅವನ ಮನೆಗೆ ಹೋಗಿ "ತಪ್ಪಾತೋ, ಬಿಳಿ ಹಾಕಸಿದಾಂವ ನಾನ" ಅಂದೆ. ಅವನು "ನಡಿ, ಬ್ರಷ್ ತಗೋ" ಅಂದ. ಈ ಸಲ ಚಮಚೆಯ ಲೆಕ್ಕ ಬರೆದಿಟ್ಟುಕೊಂಡು, ನಾಲ್ಕೂ ಗೋಡೆಗೆ ಸಾಲುವಷ್ಟು ಒಮ್ಮೆಲೇ ಕಲೆಸಿದೆವು.

ಗೆಳೆಯರೇ, ಬಣ್ಣವನ್ನು ಒಣಗಿಸಿ ನೋಡಿ ಹಚ್ಚಿರಿ. ಸಿಟ್ಟೂ ಹಂಗೇ, ಸ್ವಲ್ಪ ಆರಲು ಬಿಟ್ಟು ಮಾತಾಡಿರಿ.