ಬಚ್ಚಲ ಮನೆಯ ಬಿಸಿನೀರು

ಹೊಸಪೇಟೆಯ ನಮ್ಮ ಹಳೆಯ ಮನೆಯ ಬಚ್ಚಲಲ್ಲಿ ಒಲೆಯ ಮೇಲೆ ಹೂತ ತಾಮ್ರದ ಹಂಡೆಯೊಂದಿತ್ತು. ಕಂಪ್ಲಿಯ ಕಡೆಯಿಂದ ಬರುತ್ತಿದ್ದ ಕಬ್ಬಿನ ರವದಿಯೇ ಅದಕ್ಕೆ ಉರುವಲು. ನಸುಕಿನಲ್ಲೆದ್ದು ಒಲೆ ಹೊತ್ತಿಸಿ, ಸ್ನಾನ ಮುಗಿಸಿ ಪೂಜೆಗೆ ಕೂಡುವುದು ಅವ್ವನ ದಿನಚರಿ. ಒಲೆಗೂ ಕಾಯಿಲೆಗಳಿದ್ದವು. ಬೂದಿ ತುಂಬಿದರೆ, ಹೊಗೆಗೂಡು ಕಟ್ಟಿದರೆ, ಮನೆಮಂದಿಯೆಲ್ಲ ಕಣ್ಣೊರೆಸಿಕೊಳ್ಳುತ್ತ ಎದ್ದು ಬರುತ್ತಿದ್ದೆವು.

ಹಂಡೆ ಅಟ್ಟ ಸೇರಿದ ಮೇಲೆ ವಿದ್ಯುತ್ ಗೀಸರ್ ಬಂದಿತು. ಮೊದಲ ವರ್ಷ ಹತ್ತು ನಿಮಿಷಕ್ಕೆ ಕಾಯುತ್ತಿದ್ದ ನೀರು ಮೂರನೆಯ ವರ್ಷಕ್ಕೆ ಅರ್ಧ ಗಂಟೆ ತೆಗೆದುಕೊಳ್ಳತೊಡಗಿತು. ಒಳಗಿನಿಂದ ಗುಳುಗುಳು ಸದ್ದು ಬೇರೆ. ಬಿಚ್ಚಿ ನೋಡಿದರೆ ಕಾಯಿಲ್ ಮೇಲೆ ಸುಣ್ಣದ ದಪ್ಪ ಹೊರಪದರ! ನಮ್ಮದು ಬೋರಿನ ಗಡಸು ನೀರು. ಕಾದಂತೆಲ್ಲ ಅದರೊಳಗಿನ ಸುಣ್ಣದಂಶ ಬೇರ್ಪಟ್ಟು ಕಾಯಿಲ್‌ಗೆ ಅಂಟುತ್ತದೆ. ಶಾಖ ನೀರಿಗೆ ದಾಟುವುದಿಲ್ಲ, ವಿದ್ಯುತ್ ಬಿಲ್ಲು ಮಾತ್ರ ಏರುತ್ತದೆ. ಅಂದಿನಿಂದ ಪ್ರತಿವರ್ಷ ಚಳಿಗಾಲಕ್ಕೆ ಮುನ್ನ ತೊಟ್ಟಿ ಬರಿದು ಮಾಡಿಸಿ, ಕಾಯಿಲ್ ತೊಳೆಸಿ, ಒಳಗಿನ ಮೆಗ್ನೀಸಿಯಂ ಸಲಾಕೆ ಸವೆದಿದ್ದರೆ ಬದಲಿಸುತ್ತೇವೆ. ಉಷ್ಣತೆಯ ಗುಂಡಿಯನ್ನು 60 ಡಿಗ್ರಿಯ ಬಳಿ ಇಟ್ಟರೆ ಸುಣ್ಣ ಕಟ್ಟುವುದೂ ಕಡಿಮೆ. ಒಮ್ಮೆ ಗೀಸರ್ ಹಾಕಿದೊಡನೆ ಮನೆಯ ಟ್ರಿಪ್ ಸ್ವಿಚ್ಚು ಬೀಳತೊಡಗಿತು. ಅದನ್ನು ಮತ್ತೆ ಮತ್ತೆ ಮೇಲಕ್ಕೆ ತಳ್ಳಿದ್ದು ನಮ್ಮ ಅವಿವೇಕ. ಕಾಯಿಲ್ ಬಿರುಕು ಬಿಟ್ಟು ವಿದ್ಯುತ್ತು ನೀರಿಗೆ ಸೋರುತ್ತಿತ್ತು.

ಸಂಡೂರಿನ ತಂಗಿಯ ಮನೆಯಲ್ಲಿ ಸೋಲಾರ್. ಗುಡ್ಡಗಳ ಮೇಲೆ ಮೋಡ ಕವಿದ ದಿನ ನೀರು ಕಾಯದಿರುವುದು ಸಹಜ. ಆದರೆ ಬಿರುಬಿಸಿಲಿನಲ್ಲೂ ನಲ್ಲಿ ಒಣಗಿ ನಿಂತಾಗ ಅವಳು ಗಾಬರಿಯಾದಳು. ಬಿಸಿನೀರಿನ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಗಾಳಿ ಹೊರಹೋಗಲು ಸಣ್ಣ ಕೊಳವೆಯೊಂದನ್ನು ಮೇಲಕ್ಕೆ ನಿಲ್ಲಿಸಿದೊಡನೆ ಸರಿಹೋಯಿತು.

ಇವೆಲ್ಲ ಕಿರಿಕಿರಿಗಳು. ನಾವು ಹೇಳಹೊರಟದ್ದು ಬೇರೆ.

ಕರೆಂಟು ಪದೇಪದೇ ಹೋಗುತ್ತದೆಂದು ಗ್ಯಾಸ್ ಗೀಸರ್ ಒಂದನ್ನೂ ಕೊಂಡೆವು. ಐದಾರು ಅಡಿ ಕೊಳವೆಯ ಖರ್ಚು ಉಳಿಸಲು ಅದನ್ನು ಬಚ್ಚಲೊಳಗೇ ಕೂಡಿಸಿದೆವು. ಮಾಗಿಯ ಚಳಿ ತಡೆಯಲೆಂದು ಕಿಟಕಿಗೆ ರಟ್ಟು ಬಡಿದವರೂ ನಾವೇ. ಒಂದು ನಸುಕಿನಲ್ಲಿ ಸ್ನಾನಕ್ಕೆ ಹೋದ ಅವ್ವ ಎಷ್ಟು ಹೊತ್ತಾದರೂ ಬರಲಿಲ್ಲ. ಕೂಗಿದಾಗ, “ತಲಿ ತಿರುಗಾಕತ್ತೈತಪಾ” ಎಂದದ್ದಷ್ಟೆ, ಮತ್ತೆ ಮಾತಿಲ್ಲ. ಚಿಲಕ ಮುರಿದು ಒಳಹೊಕ್ಕಾಗ ಅವರು ಗೋಡೆಗೊರಗಿ ಕುಸಿದಿದ್ದರು. ಗೀಸರಿನ ಉರಿ ನೀಲಿಯಾಗಿರದೆ ಹಳದಿಯಾಗಿತ್ತು. ಉರಿ ಆರಿಸಿ, ಅಂಗಳದ ಗಾಳಿಗೆ ಹೊತ್ತುತಂದು, ಆಸ್ಪತ್ರೆಗೆ ಒಯ್ದೆವು. ಆಮ್ಲಜನಕ ಕೊಟ್ಟ ಮೇಲೆ ಸಂಜೆಯ ಹೊತ್ತಿಗೆ ಚೇತರಿಸಿಕೊಂಡರು.

ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಉರಿದ ಅನಿಲ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆಂದು ವೈದ್ಯರು ವಿವರಿಸಿದರು. ರಕ್ತವು ಅದನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದಂತೆ. ಸಿಲಿಂಡರಿನ ಅನಿಲ ಸೋರಿದರೆ ತಿಳಿಯಲೆಂದು ಅದಕ್ಕೆ ದುರ್ವಾಸನೆ ಬೆರೆಸಿರುತ್ತಾರೆ. ಈ ವಿಷಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣುರಿಯೂ ಇಲ್ಲ.

ಈಗ ಆ ಗೀಸರ್ ಹಿತ್ತಲ ಹೊರಗೋಡೆಯ ಮೇಲಿದೆ. ಕೊಳವೆಯ ಮೂಲಕ ನೀರಷ್ಟೇ ಒಳಬರುತ್ತದೆ. ಕಿಟಕಿಯ ರಟ್ಟನ್ನು ಅಂದೇ ಕಿತ್ತೆಸೆದೆವು. ಅವ್ವ ಚಿಲಕ ಹಾಕುವುದಿಲ್ಲ. ನಾವು ಹೊರಗೆ ನಿಂತು ಎರಡು ನಿಮಿಷಕ್ಕೊಮ್ಮೆ ಕೂಗಿದರೆ, “ಇನ್ನೂ ಅದೀನಿ, ಹೋಗ್ರಿ!” ಎಂದು ಗದರುತ್ತಾರೆ.