ಓಲ್ಡ್ ಬೈಲಿಯ ಎರಡು ರಾತ್ರಿ

ಹೊರಗಿನಿಂದ ಚಿಲಕ ಬೀಳುತ್ತದೆ. 1670ರ ಸೆಪ್ಟೆಂಬರ್ 3, ಶನಿವಾರ ರಾತ್ರಿ, ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯ. ನೀವು ಹನ್ನೆರಡು ಮಂದಿ ಜ್ಯೂರಿಗಳಲ್ಲಿ ಒಬ್ಬರು. ಊಟವಿಲ್ಲ, ನೀರಿಲ್ಲ, ಬೆಂಕಿಯಿಲ್ಲ, ತಂಬಾಕೂ ಇಲ್ಲ. ಮೂತ್ರಕ್ಕೊಂದು ಪಾತ್ರೆ ಕೇಳಿದರೆ ಅದನ್ನೂ ಕೊಡಲಿಲ್ಲ. ಸ್ವಲ್ಪ ಹೊತ್ತಿಗೇ ಮೂಲೆಯಿಂದ ಘಾಟು ಏಳುತ್ತದೆ. ಪಕ್ಕದವರ ಹೊಟ್ಟೆ ಗುರುಗುಟ್ಟುವುದು ಕತ್ತಲಲ್ಲಿ ಕೇಳಿಸುತ್ತದೆ.

ಕಟಕಟೆಯಲ್ಲಿದ್ದ ಇಬ್ಬರು ಅಂಥದ್ದೇನು ಮಾಡಿದ್ದರು? ಅಧಿಕೃತ ಚರ್ಚಿನ ವಿಧಿ ಬಿಟ್ಟು, ಮನೆಯವರಲ್ಲದ ಐವರು ಒಂದೆಡೆ ಸೇರಿ ಪ್ರಾರ್ಥಿಸಿದರೂ ಈ ವರ್ಷದ ಕಾನ್ವೆಂಟಿಕಲ್ ಕಾಯ್ದೆಯಡಿ ಅಪರಾಧ. ಮೊದಲ ಸಲ ಸಿಕ್ಕರೆ ಕೂತವರಿಗೆ 5 ಶಿಲಿಂಗ್ ದಂಡ, ಬೋಧಿಸಿದವರಿಗೆ 20 ಪೌಂಡ್. ಅದರಲ್ಲಿ ಮೂರನೇ ಒಂದು ಪಾಲು ಸುಳಿವು ಕೊಟ್ಟವರ ಕಡೆಗೆ. ಆಗಸ್ಟ್ 14ರಂದು ಗ್ರೇಸ್‌ಚರ್ಚ್ ಬೀದಿಯಲ್ಲಿದ್ದ, ಅಧಿಕೃತ ಚರ್ಚಿನಿಂದ ಹೊರಗುಳಿದ ಕ್ವೇಕರ್ ಪಂಥದ ಮಂದಿರದೊಳಕ್ಕೆ ಸೈನಿಕರು ಬಿಡದಿದ್ದಾಗ, 25 ವರ್ಷದ ವಿಲಿಯಂ ಪೆನ್ ಬೀದಿಯಲ್ಲೇ ನಿಂತು ಬೋಧಿಸಿದ. ಅವನನ್ನೂ ಅಲ್ಲಿದ್ದ ವಿಲಿಯಂ ಮೀಡ್‌ನನ್ನೂ ಅಕ್ರಮ ಕೂಟ ಕಟ್ಟಿ ಶಾಂತಿ ಕದಡಿದರೆಂದು ಹಿಡಿದು ತಂದಿದ್ದಾರೆ. ಪೆನ್ ಬೀದಿಯಲ್ಲಿ ಮಾತಾಡಿದ್ದು ನಿಜ, ಅಷ್ಟೇ ಎಂದು ನೀವೆಲ್ಲ ಹೇಳಿದ್ದೀರಿ. ಪೀಠಕ್ಕೆ ಆ ಉತ್ತರ ಬೇಡ.

ಭಾನುವಾರ ನಿಮ್ಮನ್ನು ಮತ್ತೆ ಪೀಠದ ಮುಂದೆ ನಿಲ್ಲಿಸುತ್ತಾರೆ. ಕಾಲು ನಡುಗುತ್ತಿದೆ. ಹೇಳುವುದು ಮಾತ್ರ ಅದೇ. ಪೀಠದಲ್ಲಿ ಕೂತ ಮೇಯರ್ ಸ್ಯಾಮ್ಯುಯೆಲ್ ಸ್ಟಾರ್ಲಿಂಗ್ ಸಿಡಿಯುತ್ತಾರೆ. ನಿಮ್ಮ ಪಕ್ಕದ ಎಡ್ವರ್ಡ್ ಬುಶೆಲ್ಲನ ಮೂಗು ಕೊಯ್ಯುತ್ತೇನೆಂದು ಗದರುತ್ತಾರೆ. ಬೆವರು ಕಿತ್ತು ಬರುತ್ತದೆ. ಹಕ್ಕು ಬಿಟ್ಟುಕೊಡಬೇಡಿರೆಂದು ಪೆನ್ ಹಿಂದಿನ ದಿನವೇ ನಿಮ್ಮತ್ತ ಕೂಗಿದ್ದ. ಮತ್ತೆ ತಳ್ಳುತ್ತಾರೆ. ಮತ್ತೆ ಚಿಲಕ.

ಎರಡನೇ ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ. 'ತಪ್ಪಿತಸ್ಥರು' ಎಂದುಬಿಟ್ಟರೆ ಸಾಕು, ಮನೆ, ರೊಟ್ಟಿ, ಒಲೆಯ ಬಿಸಿ ಎಲ್ಲವೂ ನಿಮ್ಮದು. ಪೆನ್ ನಿಮ್ಮ ನೆಂಟನಲ್ಲ, ಅವನ ಪಂಥ ನಿಮಗೆ ಹಿಡಿಸಬೇಕೆಂದೂ ಇಲ್ಲ. ಆದರೆ ಕಣ್ಣಾರೆ ಕಾಣದ, ಸಾಕ್ಷಿಯಲ್ಲೂ ಕೇಳದ ತಪ್ಪನ್ನು ದೇವರ ಮೇಲೆ ಆಣೆಯಿಟ್ಟ ಬಾಯಲ್ಲಿ ಹೇಗೆ ಹೇಳುತ್ತೀರಿ?

ಸೋಮವಾರ ಬೆಳಿಗ್ಗೆ ಗುಮಾಸ್ತ ಕೇಳುತ್ತಾನೆ. ತಪ್ಪಿತಸ್ಥರಲ್ಲ. ಒಬ್ಬೊಬ್ಬರ ಹೆಸರನ್ನೂ ಕೂಗುತ್ತಾರೆ. ನಿಮ್ಮ ಸರದಿ. ಗಂಟಲು ಒಣಗಿದೆ, ದನಿ ಒಡೆಯುತ್ತದೆ, ಮಾತು ಬದಲಾಗುವುದಿಲ್ಲ: ತಪ್ಪಿತಸ್ಥರಲ್ಲ.

ತಲೆಗೆ 40 ಮಾರ್ಕ್ ದಂಡ. ಕಟ್ಟುವವರೆಗೆ ನ್ಯೂಗೇಟ್ ಜೈಲು. ಬುಶೆಲ್ ಕಟ್ಟುವುದಿಲ್ಲ, ಕೋರ್ಟಿನ ಮೊರೆ ಹೋಗುತ್ತಾನೆ. ಕೊಟ್ಟ ತೀರ್ಪಿಗಾಗಿ ಜ್ಯೂರಿಯನ್ನು ದಂಡಿಸುವಂತಿಲ್ಲವೆಂದು ಮುಖ್ಯ ನ್ಯಾಯಮೂರ್ತಿ ಜಾನ್ ವಾನ್ ಆ ನವೆಂಬರಿನಲ್ಲಿ ಹೇಳುತ್ತಾರೆ. ಕಾಯ್ದೆ ಇನ್ನೂ ಜೀವಂತವಾಗಿದೆ, ಕ್ವೇಕರರ ಮೇಲಿನ ಕಾಟ ತಪ್ಪಿಲ್ಲ. ಆದರೆ ದಂಡ, ಜೈಲುಗಳ ಬೆದರಿಕೆಯಿಂದ ಜ್ಯೂರಿಯಿಂದ ಬೇಕಾದ ತೀರ್ಪು ಹೇಳಿಸುವ ದಾರಿ ದೊರೆಯ ಆಳ್ವಿಕೆಗೆ ಮುಚ್ಚಿದೆ. ಅದನ್ನು ಮುಚ್ಚಿಸಿದವರು ಹಸಿದ ಹನ್ನೆರಡು ಮಂದಿ.