ಬೆಳೆಯೂ ಬೇಳೆಯೂ

ಓದುತ್ತ ಓದುತ್ತ ಊಟ ಮರೆಯುವವನನ್ನು ಓದುಬಾಕ ಎನ್ನುತ್ತೇವೆ. ತಾನು ಓದುವುದನ್ನು ಬದಿಗಿಟ್ಟು ಮನೆಯ ಮಕ್ಕಳನ್ನು ಓದಿಸಲು ಸೊಂಟ ಕಟ್ಟಿ ನಿಂತವನಿಗೆ ಏನೆನ್ನಬೇಕೋ, ನಿಘಂಟಿನಲ್ಲಿ ನನಗೆ ಸಿಗಲಿಲ್ಲ. ನಾನೇ ಒಂದು ಹೆಸರು ಕಟ್ಟಿಕೊಂಡಿದ್ದೇನೆ: ಓದಿಸುಬಾಕ. ಈ ಬೇಸಿಗೆಯಲ್ಲಿ ಸುಮಾರು ಒಂದೂವರೆ ತಿಂಗಳು ನಾನು ಓದಿಸುಬಾಕನಾಗಿದ್ದೆ.

ಬೆಂಗಳೂರಿನಿಂದ ಮೊಮ್ಮಗಳು ಮೈಸೂರಿಗೆ ಬಂದಿದ್ದಳು. ಏಳು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿವೆ. ಬಿಟ್ಟು ಹೋಗುವಾಗ ಮಗಳು ಗೇಟಿನ ಹತ್ತಿರ ನಿಂತು, "ಅಪ್ಪಾ, ಇವಳಿಗೆ ಕನ್ನಡ ಓದೋದು ಬರೆಯೋದು ಸ್ವಲ್ಪ ಗಟ್ಟಿ ಮಾಡಿಬಿಡಿ" ಎಂದಳು. ಗಟ್ಟಿ ಮಾಡೋದಕ್ಕೆ ಮಗು ಏನು ಹಪ್ಪಳದ ಹಿಟ್ಟೇನೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ನಿವೃತ್ತನಾದವನಿಗೆ ಯಾರಾದರೂ ಒಂದು ಕೆಲಸ ವಹಿಸಿದರೆ ಸಾಕು, ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಅಂದೇ ಸಂಜೆ ಒಂದು ವೇಳಾಪಟ್ಟಿ ತಯಾರಾಯಿತು. ಮೂವತ್ತೈದು ವರ್ಷ ಲೆಕ್ಕದ ವಹಿಗಳಲ್ಲಿ ರೂಲುದೊಣ್ಣೆ ಉರುಳಿಸಿದ ಕೈ, ಗೆರೆ ಒಂದೂ ಸೊಟ್ಟಗಿಲ್ಲ. ಮಧ್ಯಾಹ್ನ 2ರಿಂದ 3 ಓದು, 3ರಿಂದ 4 ಶುದ್ಧ ಬರಹ, 4ರಿಂದ ಉಕ್ತಲೇಖನ. ಜೊತೆಗೆ ನಾಲ್ಕು ಗೆರೆಯ ಒಂದು ಕಾಪಿ ಪುಸ್ತಕ, ಒಂದು ಕೆಂಪು ಪೆನ್ನು. ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮಗು ಅದನ್ನು ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ, ಮೇಲಿನಿಂದ ಕೆಳಗಿನವರೆಗೆ ಓದಿ ಮುಗಿಸಿತು. "ತಾತಾ, ಇದರಲ್ಲಿ ನಿನ್ನ ನಿದ್ದೆ ಎಲ್ಲಿದೆ?" ಎಂದಿತು. ನಿಜವೇ. ಎರಡರಿಂದ ನಾಲ್ಕು ನನ್ನ ನಿದ್ದೆಯ ಹೊತ್ತು. ಮೊದಲ ದಿನ ಓದಿನ ಅವಧಿಯಲ್ಲಿ ಮೇಷ್ಟ್ರೇ ನಿದ್ದೆಹೋದರು. ಎರಡನೆಯ ದಿನವೂ ಹೋದರು. ಮೂರನೆಯ ದಿನ ನೋಡಿದರೆ ಪಟ್ಟಿಯ ಮೇಲೆ ಅದೇ ಅಯಸ್ಕಾಂತದಡಿ ಹಾಲಿನವನ ಲೆಕ್ಕ ಬಂದು ಕೂತಿತ್ತು.

ಕನ್ನಡ ಅಕ್ಷರ ಕಲಿಸಲು ಕೂತವನಿಗೆ ನಿದ್ದೆ ಬಂದೀತು, ಬೇಸರ ಮಾತ್ರ ಬರಬಾರದು. ಆ ಕಾಗುಣಿತದ ಹೆಸರುಗಳನ್ನೇ ನೋಡಿ. ಕ ತಲೆಕಟ್ಟು ಕ, ಕ ಇಳಿ ಕಾ, ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕೊಂಬು ಕು, ಕೊಂಬಿನ ಇಳಿ ಕೂ, ವಟ್ರಸುಳಿ ಕೃ. ಇದು ವ್ಯಾಕರಣವೋ ಹಳ್ಳಿಯ ದನಗಳ ಜಾತ್ರೆಯೋ! ಒಬ್ಬನಿಗೆ ತಲೆಗೆ ಕಟ್ಟಿದ ವಸ್ತ್ರ, ಒಂದಕ್ಕೆ ಕೊಂಬು, ಇನ್ನೊಂದರ ಹಣೆಯಲ್ಲಿ ಸುಳಿ. ಗುಡಿಸು ಎಂದಾಗಲೆಲ್ಲ ನನಗೆ ಮಳೆಗೆ ಬಾಗಿದ ಗುಡಿಸಲಿನ ಮಾಡು ಕಣ್ಣಿಗೆ ಬರುತ್ತದೆ. ಜ, ಣ, ಬ, ಲ ಇವಕ್ಕೆ ತಲೆಕಟ್ಟಿಲ್ಲ ಎಂದು ತೋರಿಸಿದೆ. ಅವಳು ಅಕ್ಷರಗಳನ್ನೊಮ್ಮೆ, ನನ್ನ ತಲೆಯನ್ನೊಮ್ಮೆ ನೋಡಿ, "ಓ, ಇವರೆಲ್ಲ ತಾತಂದಿರು" ಎಂದಳು. ಬೋಳುತಲೆ ಇಷ್ಟು ದಿನಕ್ಕೆ ಒಂದು ಶೈಕ್ಷಣಿಕ ಉಪಯೋಗಕ್ಕೆ ಬಂತು.

ಮ ಮತ್ತು ವ ಮಾತ್ರ ನಮ್ಮಿಬ್ಬರನ್ನೂ ಸತಾಯಿಸಿದವು. ಬಲಗಡೆ ಒಂದು ಬಾಲ ಎಳೆದರೆ ಮ, ಮರೆತರೆ ವ. "ಅಜ್ಜಿ ಮನೆ ಮುಂದೆ ದೊಡ್ಡ ವರ ಇದೆ" ಎಂದು ಬರೆದಳು. ನನ್ನ ಕೆಂಪು ಪೆನ್ನು ಆಗಲೇ ಮೇಲೆದ್ದಿತ್ತು. ಒಳಗಿನಿಂದ ಬಂದ ನನ್ನ ಹೆಂಡತಿ ಓದಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಗೇಟಿನ ಮುಂದಿನ ಹೊಂಗೆಮರ ಆವತ್ತಿನಿಂದ ಈವತ್ತಿನವರೆಗೂ ನಮ್ಮ ಮನೆಯಲ್ಲಿ ವರನೇ. "ವರನ ಎಲೆ ಉದುರಿದೆ, ಗುಡಿಸಿಬಿಡಿ" ಎಂದು ನನಗೆ ಅಪ್ಪಣೆಯಾಗುತ್ತದೆ. ಕೆಂಪು ಪೆನ್ನು ಆ ರಾತ್ರಿ ಕಾಣೆಯಾಯಿತು. ಎಷ್ಟೋ ದಿನದ ಮೇಲೆ ಹುಣಸೆಹಣ್ಣಿನ ಭರಣಿಯ ಹಿಂದೆ ಸಿಕ್ಕಿತು. ಯಾರು ಇಟ್ಟರೆಂದು ನಾನು ವಿಚಾರಣೆ ನಡೆಸಲಿಲ್ಲ.

ನಾನು ಓದು ಕಲಿತದ್ದಾದರೂ ಎಲ್ಲಿ ಎಂದು ಯೋಚಿಸುತ್ತೇನೆ. ಶಾಲೆಯಲ್ಲಿ ಅಕ್ಷರ ಕಲಿತೆ, ಬಳಪ ತಿಂದೆ, ಸ್ಲೇಟಿಗೆ ಉಗುಳು ಹಚ್ಚಿ ಒರೆಸಿದೆ. ಓದು ಹತ್ತಿದ್ದು ನಮ್ಮಜ್ಜಿಯ ಅಡುಗೆಮನೆಯಲ್ಲಿ. ಅಲ್ಲಿ ಗೂಡಿನ ಹಲಗೆಗಳ ಮೇಲೆ ಹಳೆಯ ಪತ್ರಿಕೆ ಹಾಸಿ, ಮುಂದೆ ಇಳಿಬಿದ್ದ ಅಂಚನ್ನು ಕತ್ತರಿಯಲ್ಲಿ ಹಲ್ಲುಹಲ್ಲಾಗಿ ಕತ್ತರಿಸುತ್ತಿದ್ದರು. ತೋರಣದಂತೆ ಚೆನ್ನಾಗಿ ಕಾಣುತ್ತಿತ್ತು. ಆ ಹಲ್ಲುಗಳ ಸಂದಿಯಲ್ಲಿ ಸುದ್ದಿಗಳ ಅರ್ಧರ್ಧ ಹಾರಿಹೋಗಿರುತ್ತಿತ್ತು. ಕಳ್ಳನನ್ನು ಹಿಡಿದ ಪೊಲೀಸರು ಅವನ ಚೀಲ ಬಿಚ್ಚಿ ನೋಡಿದಾಗ... ಅಷ್ಟೇ, ಮುಂದೆ ಉಪ್ಪಿನ ಡಬ್ಬಿಯ ಗಾಳಿ. ಚೀಲದಲ್ಲಿ ಏನಿತ್ತು? ಮಣೆಯ ಮೇಲೆ ಕೂತು, ಕತ್ತು ವಾಲಿಸಿ, ಮುದ್ದೆ ಆರುವವರೆಗೂ ನಾನು ಆ ಚೀಲದಲ್ಲಿ ಏನೇನೋ ತುಂಬಿದ್ದೇನೆ. ಕೆಲವು ಹಾಳೆಗಳು ತಲೆಕೆಳಗಾಗಿದ್ದುವು. ಹಾಗಾಗಿ ಕನ್ನಡವನ್ನು ತಲೆಕೆಳಗಾಗಿ ಓದುವ ವಿದ್ಯೆಯೂ ಬಂತು. ಕಚೇರಿಯಲ್ಲಿ ಸಾಹೇಬರ ಮೇಜಿನ ಆಚೆ ನಿಂತು ಅವರ ಕಡತ ಓದಲು ಅದು ಬಹಳ ಸಹಾಯವಾಯಿತು.

ಶಾಲೆಯಲ್ಲಿ ಪುಸ್ತಕಗಳಿರಲಿಲ್ಲ ಎಂದಲ್ಲ. ಗಾಜಿನ ಕಪಾಟು ತುಂಬ ಇದ್ದುವು. ಬೀಗದ ಕೈ ಹೆಡ್‌ಮಾಸ್ತರರ ಜೇಬಿನಲ್ಲಿ. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗೆಂದು ಮೂರು ಸಂಪುಟಗಳ 'ಬಾಲ ಪ್ರಪಂಚ' ಬರೆದಿಟ್ಟಿದ್ದರು. ಒಬ್ಬ ಮನುಷ್ಯ ಕೂತು ಲೋಕವನ್ನೆಲ್ಲ ಮಕ್ಕಳ ಅಳತೆಗೆ ಕತ್ತರಿಸಿ ಹೊಲಿದ ಕೆಲಸ ಅದು. ನಾವು ಆ ಲೋಕದ ಬೆನ್ನನ್ನಷ್ಟೇ ಗಾಜಿನಾಚೆ ನೋಡಿದೆವು. ಈ ಕಥೆಯನ್ನು ಸಾಕಷ್ಟು ದುಃಖ ಬೆರೆಸಿ ಹೇಳುತ್ತಿದ್ದಾಗ ಹೆಂಡತಿ ನಮ್ಮ ಹಾಲಿನ ಗಾಜಿನ ಬೀರುವಿನ ಕಡೆ ಕಣ್ಣು ತೋರಿಸಿದಳು. ಧೂಳಾಗುತ್ತದೆಂದು ಅದಕ್ಕೆ ಬೀಗ ಹಾಕಿದವನು ನಾನೇ. ಕೀಲಿ ನನ್ನ ಜೇಬಿನಲ್ಲಿರಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ. ಮಾರನೆಯ ದಿನ ಮಕ್ಕಳ ಪುಸ್ತಕಗಳೆಲ್ಲ ಕಿಟಕಿಯ ಕೆಳಗೆ ಚಾಪೆಗೆ ಇಳಿದವು. ಒಂದೆರಡರ ಮೇಲೆ ಮಾವಿನಹಣ್ಣಿನ ರಸ ಬಿತ್ತು. ಬೀಳಲಿ, ಒಳಗಿನ ಇಲಿಗಳಿಗೂ ರುಚಿ ಸಿಗಲಿ.

ಇಲಿ ಎಂದಾಗ ನೆನಪಾಯಿತು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ನಾನು ರಾಗವಾಗಿ ಓದಲು ಶುರುಮಾಡಿದೆ. ಇಂಗ್ಲಿಷಿನ ಬ್ರೌನಿಂಗ್ ಕವಿಯ ಕಥೆ ಅದು, ಮೊಮ್ಮಗಳಿಗೂ ಶಾಲೆಯಲ್ಲಿ ಹೇಳಿದ್ದಾರೆ. ಹೆಸರು ಕೇಳಿದ್ದೇ ತಡೆದಳು. "ಯಾವ ಬೊಮ್ಮನಹಳ್ಳಿ? ಸಿಲ್ಕ್ ಬೋರ್ಡ್ ಹತ್ತಿರದ್ದಾ?" ಅಲ್ಲಮ್ಮ, ಇದು ತುಂಗಾ ನದಿಯ ದಡದಲ್ಲಿದ್ದ ಹಳ್ಳಿ ಎಂದೆ. ಒಪ್ಪಲಿಲ್ಲ. ಅಷ್ಟು ಟ್ರಾಫಿಕ್ಕಿನಲ್ಲಿ ಅಷ್ಟೊಂದು ಇಲಿಗಳು ರಸ್ತೆ ದಾಟುವುದು ಹೇಗೆ, ಸಿಗ್ನಲ್ ಬಿದ್ದರೆ ಜೋಗಿ ನಿಲ್ಲುತ್ತಾನೋ ಇಲ್ಲವೋ ಎಂಬ ಚರ್ಚೆಯಲ್ಲಿ ಸಂಜೆ ಕಳೆಯಿತು. ಪದ್ಯ ಹತ್ತು ಸಾಲು ಮುಂದಕ್ಕೆ ಹೋಗಲಿಲ್ಲ. ಇನ್ನೊಂದು ದಿನ ಪಂಜೆ ಮಂಗೇಶರಾಯರ 'ಹೇನು ಸತ್ತು ಕಾಗೆ ಬಡವಾಯಿತು' ತೆಗೆದರೆ, ಅಲ್ಲಿ ಶೀರ್ಷಿಕೆಯಲ್ಲೇ ಗಾಡಿ ನಿಂತಿತು. "ಕಾಗೆ ಹತ್ರ ಮೊದಲು ದುಡ್ಡಿತ್ತಾ ತಾತಾ?" ಬಡವಾಗುವುದೆಂದರೆ ಸೊರಗುವುದು ಕಣೇ ಎಂದೆ. ಹಾಗಾದರೆ ಪಕ್ಕದ ಮನೆ ಆಂಟಿ ದಿನಾ ವಾಕಿಂಗ್ ಹೋಗುವುದು ಬಡವಾಗುವುದಕ್ಕಾ ಎಂದಳು. ಪಂಜೆಯವರು ಶಾಲೆಗಳ ಇನ್ಸ್‌ಪೆಕ್ಟರಾಗಿದ್ದವರು. ಇನ್ಸ್‌ಪೆಕ್ಟರು ಬಂದರೆ ಮಕ್ಕಳು ನಡುಗುತ್ತಿದ್ದ ಕಾಲದಲ್ಲಿ ಕೂತು ಇಂಥ ಹೆಸರಿಟ್ಟಿದ್ದಾರೆ. ಅವರ ವೇಳಾಪಟ್ಟಿಯಲ್ಲಿ ನಗುವಿಗೆ ಎಷ್ಟು ಗಂಟೆ ಇತ್ತೋ!

ಪುಸ್ತಕವಲ್ಲದ್ದನ್ನೂ ಅವಳು ಓದಿದಳು. ಹೇಳಿದರೆ ಓದುತ್ತಿರಲಿಲ್ಲ, ಹೇಳದಿದ್ದರೆ ಬಿಡುತ್ತಿರಲಿಲ್ಲ. ಮೊಳೆಗೆ ನೇತುಹಾಕಿದ್ದ ಒಂಟಿಕೊಪ್ಪಲ್ ಪಂಚಾಂಗ ಇಳಿಸಿಕೊಂಡು ಮನೆಯವರೆಲ್ಲರ ರಾಶಿಯ ಆಯ-ವ್ಯಯ ಪತ್ತೆಹಚ್ಚಿದಳು. ನನ್ನದು ಆಯ 5, ವ್ಯಯ 11 ಎಂದು ತಿಳಿದಾಗ ಮುಖ ಸಣ್ಣದಾಯಿತು, "ಐಸ್‌ಕ್ರೀಮಿಗೆ ಇರುತ್ತಲ್ಲ?" ಹೋಟೆಲ್ ಬೋರ್ಡುಗಳಲ್ಲಿ 'ಉಪಹಾರ' ಎಂದು ಕಂಡರೆ ನನಗೆ ಮೈ ಉರಿಯುತ್ತದೆ; ಅದು ಉಪಾಹಾರ ಆಗಬೇಕು, ಉಪಹಾರವೆಂದರೆ ಕಾಣಿಕೆ. ಇದನ್ನು ಒಮ್ಮೆ ಗೊಣಗಿದ್ದೇ ತಪ್ಪಾಯಿತು. ಆಮೇಲೆ ಸಿಟಿ ಬಸ್ಸಿನಲ್ಲಿ ಕೂತಾಗಲೆಲ್ಲ ಕಿಟಕಿಯಿಂದ ತಲೆ ಹಾಕಿ, "ತಾತಾ, ಕಾಣಿಕೆ! ಇನ್ನೊಂದು ಕಾಣಿಕೆ!" ಎಂದು ಕೂಗುತ್ತಿದ್ದಳು. ಜನ ನಾವು ಯಾವುದೋ ದೇವಸ್ಥಾನದವರೆಂದು ತಿಳಿದಿರಬೇಕು.

ಇನ್ನು ಬರವಣಿಗೆ. ಕಾಪಿ ಪುಸ್ತಕದಲ್ಲಿ 'ಹಸು' ಎಂದು ತಲೆಬರಹ ಕೊಟ್ಟೆ. ಹಸು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ, ಅದು ಹಾಲು ಕೊಡುತ್ತದೆ. ನನ್ನ ಕಾಲದಲ್ಲಿದ್ದ ಹಸುವೇ ಅದು, ಇಷ್ಟು ವರ್ಷದಲ್ಲಿ ಒಂದು ಕರುವನ್ನೂ ಹಾಕಿಲ್ಲ. ಆ ಹಸುವನ್ನು ಅಲ್ಲಿಗೇ ಬಿಟ್ಟೆವು. ಹೆಂಡತಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಸಾಮಾನಿನ ಚೀಟಿ ಬರೆಯುವವರಿರಲಿಲ್ಲ. ನನ್ನ ಅಕ್ಷರ ಅಂಗಡಿಯವರಿಗೆ ಅರ್ಥವಾಗುವುದಿಲ್ಲ ಎಂಬುದು ಮನೆಯ ಹಳೆಯ ದೂರು. ಹಾಗಾಗಿ ಅಜ್ಜಿ ಅಡುಗೆಮನೆಯಿಂದ ಹೇಳುವುದು, ಮೊಮ್ಮಗಳು ಹೊಸಿಲ ಮೇಲೆ ಕೂತು ಬರೆಯುವುದು ಎಂದಾಯಿತು. ನನ್ನ ಉಕ್ತಲೇಖನಕ್ಕೆ ಹೊಟ್ಟೆನೋವು ಬರುತ್ತಿದ್ದ ಹುಡುಗಿ ಕೊತ್ತಂಬರಿ ಬೀಜದ ಒತ್ತಕ್ಷರವನ್ನೂ ತುಟಿ ಕಚ್ಚಿಕೊಂಡು ಬರೆದಳು.

ಚೀಟಿ ಹಿಡಿದು ಮೂಲೆ ಅಂಗಡಿಗೆ ಹೋದೆವು. ಶೆಟ್ಟರು ಕನ್ನಡಕ ಏರಿಸಿ ಒಂದೊಂದೇ ಓದುತ್ತ ಬಂದರು. ಮೆಣಸು, ಜೀರಿಗೆ, ಮೆಂತ್ಯ. ಒಂದು ಕಡೆ ನಿಂತರು. ಚೀಟಿಯನ್ನು ತಿರುಗಿಸಿ ಅವಳ ಮುಂದೆ ಹಿಡಿದು, ಬೆರಳಿಟ್ಟು ಕೇಳಿದರು, "ಪುಟ್ಟಮ್ಮಾ, ಇದೇನು ಬರ್ದಿದ್ದೀಯ?"

"ತೊಗರಿ ಬೇಳೆ."

"ತೊಗರಿ ಬೆಳೆ ಅಂತ ಇದೆಯಲ್ಲಮ್ಮ. ಬೆಳೆ ಬೇಕಾದ್ರೆ ಹೊಲಕ್ಕೆ ಹೋಗ್ಬೇಕು. ನನ್ನ ಹತ್ರ ಬೇಳೆ ಮಾತ್ರ ಸಿಗೋದು."

ಅವಳು ಒಂದು ಗಳಿಗೆ ಚೀಟಿ ನೋಡಿದಳು. ಶೆಟ್ಟರ ಕಿವಿಯ ಮೇಲಿದ್ದ ಪೆನ್ಸಿಲ್ ಕೇಳಿ ಇಸಿದುಕೊಂಡು, ಕೌಂಟರಿಗೆ ತುದಿಗಾಲಲ್ಲಿ ಎಟುಕಿ, ಒಂದು ದೀರ್ಘ ಎಳೆದಳು. ಶೆಟ್ಟರು ಮತ್ತೆ ಓದಿ, "ಹಾಂ, ಈಗ ಬೇಳೆ ಆಯ್ತು" ಎಂದು ತಕ್ಕಡಿಗೆ ಸುರಿದರು. ಒಂದು ಗೆರೆಗೆ ಒಂದು ಕಿಲೋ ಬೇಳೆ! ಅಕ್ಷರಕ್ಕೆ ಅಷ್ಟು ತೂಕವಿದೆಯೆಂದು ನನ್ನ ಕೆಂಪು ಪೆನ್ನು ಯಾವತ್ತೂ ಅವಳಿಗೆ ತೋರಿಸಿರಲಿಲ್ಲ. ಮುಂದಿನ ವಾರದ ಚೀಟಿಯಲ್ಲಿ ಬೇಲ್ಲ, ಮೇಣಸು, ಬೇಣ್ಣೆ ಎಂದು ಕಂಡಲ್ಲೆಲ್ಲ ದೀರ್ಘ ಬಿದ್ದಿತ್ತು. ಯಾತಕ್ಕೂ ಇರಲಿ ಎಂದು ಹಾಕಿರಬೇಕು. ಶೆಟ್ಟರು ಮಾತಾಡದೆ ಎಲ್ಲವನ್ನೂ ಕೊಟ್ಟರು.

ರಾತ್ರಿ ಕಥೆ ಓದುವುದು ನನ್ನ ಪಾಲು. ಇದರಲ್ಲಿ ನನಗೊಂದು ಖ್ಯಾತಿ ಇದೆ: ಮಗುವಿಗಿಂತ ಮೊದಲು ನಾನು ಮಲಗುತ್ತೇನೆ. ಅಷ್ಟೇ ಆದರೆ ಪರವಾಗಿಲ್ಲ. ಕಣ್ಣು ಮುಚ್ಚಿದ ಮೇಲೂ ಬಾಯಿ ಸ್ವಲ್ಪ ದೂರ ತಾನಾಗಿ ಓದುತ್ತ ಹೋಗುತ್ತದಂತೆ. ನರಿ ಗುಹೆಯ ಬಾಗಿಲಿಗೆ ಬಂದು ಪಿಂಚಣಿಯ ಬಾಕಿ ಕೇಳಿತು ಎಂದು ನಾನು ಒಂದು ರಾತ್ರಿ ಓದಿದೆನಂತೆ. ಅವಳು ನನ್ನನ್ನು ಎಬ್ಬಿಸಲು ನೋಡಿ, ಸೋತು, ಪುಸ್ತಕವನ್ನು ನನ್ನ ಎದೆಯ ಮೇಲಿನಿಂದ ಎಳೆದುಕೊಂಡು, ನರಿಗೆ ಆಮೇಲೆ ಏನಾಯಿತೆಂದು ತಾನೇ ಕೂಡಿಸಿ ಓದಿದ್ದಾಳೆ. ಬೆಳಗ್ಗೆ ಕಾಫಿಯ ಹೊತ್ತಿಗೆ ನನಗೆ ಮಿಕ್ಕ ಕಥೆ ಹೇಳಿದಳು. ಹೀಗೆ ಸುಮಾರು ಕಥೆಗಳ ಮೊದಲರ್ಧ ನನ್ನದು, ಉಳಿದರ್ಧ ಅವಳದಾಯಿತು. ಮಗಳು ಫೋನಿನಲ್ಲಿ ಕೇಳಿದಾಗ ಇದೊಂದು ಪದ್ಧತಿ ಎಂದು ಗಂಭೀರವಾಗಿ ಹೇಳಿದೆ.

ಕೊನೆಯ ವಾರ ಅಟ್ಟದಿಂದ ಹಳೆಯ ಚಂದಮಾಮಗಳ ಕಟ್ಟು ಇಳಿಸಿದೆ. ಕನ್ನಡದಲ್ಲಿ ಅದು 1949ರಲ್ಲಿ ಶುರುವಾದದ್ದು. ನನ್ನ ಕಟ್ಟು ಅಷ್ಟು ಹಳೆಯದಲ್ಲ, ಗೆದ್ದಲಿಗೆ ಸಾಲುವಷ್ಟು ಹಳೆಯದು. ಕಲಾವಿದ ಶಂಕರ್ ಬರೆದ ಆ ಚಿತ್ರ, ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಹೆಣ, ನೋಡಿದೊಡನೆ ಅವಳು ಚಾಪೆಯ ಮೇಲೆ ಬೋರಲು ಬಿದ್ದಳು. ಬೇತಾಳನ ಕಥೆಗಳಲ್ಲಿ ಒಂದು ಸುಖವಿದೆ: ಪ್ರತಿ ತಿಂಗಳೂ ಶುರುವಾಗುವುದು ಒಂದೇ ರೀತಿ, ಮುಗಿಯುವುದೂ ಒಂದೇ ರೀತಿ. ಎರಡನೆಯ ಕಥೆಗೆ ಬರುವಷ್ಟರಲ್ಲಿ ಮೊದಲ ಸಾಲುಗಳು ಬಾಯಿಗೆ ಬಂದಿರುತ್ತವೆ, ತಡವರಿಸುವ ಮಗುವೂ ಅಲ್ಲಿ ಸರಾಗವಾಗಿ ಓಡುತ್ತದೆ. ಓಡುತ್ತಿದ್ದವಳು ಒಂದು ಕಥೆಯಲ್ಲಿ ತಟ್ಟನೆ ನಿಂತಳು. ಬೇತಾಳನದಲ್ಲ, ಯಾವನೋ ಜಮೀನ್ದಾರನದು; ಮನೆಗೆ ಕಳ್ಳ ನುಗ್ಗಿದ್ದಾನೆ, ದೀಪ ಆರಿದೆ, ಮುಂದಿನ ಹಾಳೆ ಗೆದ್ದಲಿನ ಹೊಟ್ಟೆಯಲ್ಲಿದೆ.

"ಆಮೇಲೆ?" ಎಂದಳು.

ನನಗೆ ನೆನಪಿರಲಿಲ್ಲ. ನಮ್ಮಜ್ಜಿಯ ಗೂಡಿನ ಕಳ್ಳನೇ ಇಷ್ಟು ವರ್ಷ ತಿರುಗಿ ತಿರುಗಿ ಇಲ್ಲಿಗೆ ಬಂದನೋ ಏನೋ. ಅವಳು ಸ್ವಲ್ಪ ಹೊತ್ತು ಕಾದು, ಸಾಮಾನಿನ ಚೀಟಿಯ ಪುಸ್ತಕ ತಂದು, ಮೊಣಕೈ ಊರಿ ಬರೆಯತೊಡಗಿದಳು. ಯಾರೂ ಹೇಳಲಿಲ್ಲ. ಒಂದು ಗಂಟೆ ಮನೆ ಸದ್ದಿಲ್ಲದೆ ಇತ್ತು. ಚೀಟಿ ಈಗಲೂ ನನ್ನ ಹತ್ತಿರ ಇದೆ: "ಆಮೇಲೆ ಕಳ್ಳನಿಗೆ ಹಸಿವು ಆಯಿತು. ಜಮೀನ್ದಾರನ ಹೇಂಡತಿ ಉಪ್ಪಿಟ್ಟು ಹಾಕಿದಳು. ಕಳ್ಳ ಚೇನ್ನಾಗಿದೆ ಅಂದ. ಜಮೀನ್ದಾರ ಗೊರಕೆ ಹೋಡೆಯುತ್ತಾ ಇದ್ದ." ಕೆಂಪು ಪೆನ್ನು ಆ ಹೊತ್ತಿಗೆ ಸಿಕ್ಕಿತ್ತು. ನನ್ನ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ, ಜಮೀನ್ದಾರ ಯಾರೆಂದು ನನಗೆ ಗೊತ್ತಾಗಿತ್ತು.

ದಸರೆ ರಜಕ್ಕೆ ಮತ್ತೆ ಬರುತ್ತಾಳಂತೆ. ನಮ್ಮ ಕಟ್ಟು ಮುಗಿದಿದೆ. ನಿಮ್ಮ ಅಟ್ಟದಲ್ಲೇನಾದರೂ ಹಳೆಯ ಚಂದಮಾಮಗಳಿದ್ದರೆ, ರದ್ದಿಯವನನ್ನು ಕರೆಯುವ ಮುಂಚೆ ನನಗೊಂದು ಮಾತು ಹೇಳಿ. ಕೊನೆಯ ಪುಟ ಹರಿದುಹೋದವು ಇದ್ದರೆ ಮೊದಲು ಅವನ್ನೇ ಕೊಡಿ.